ಎದೆಹಾಲಿನ ಜೊತೆಗಿನ ತುತ್ತು: ಆರು ತಿಂಗಳಿಂದ ಎರಡು ವರ್ಷದವರೆಗಿನ ಮಗುವಿನ ಆಹಾರ ಮತ್ತು ಗ್ರಾಮ ಪಂಚಾಯತಿ

ನಾಲ್ಕನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದ 2015–16ರಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ. 36.2ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರವನ್ನು ಹೊಂದಿರಲಿಲ್ಲ. 2019–21ರ ಐದನೆಯ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 35.4. ಎರಡು ಸಮೀಕ್ಷೆಗಳ ನಡುವೆ ನೂರಕ್ಕೆ ಒಂದು ಮಗುವಿನಷ್ಟೂ ವ್ಯತ್ಯಾಸವಾಗಲಿಲ್ಲ. ಇದೇ ಐದನೆಯ ಸಮೀಕ್ಷೆಯ ವೇಳೆಗೆ ರಾಜ್ಯದ ಹೆರಿಗೆಗಳಲ್ಲಿ ಶೇ. 97ರಷ್ಟು ಆಸ್ಪತ್ರೆಗಳಲ್ಲಿಯೇ ಆಗುತ್ತಿದ್ದವು. ಹೆರಿಗೆಯನ್ನು ಆಸ್ಪತ್ರೆಗೆ ತಲುಪಿಸುವಲ್ಲಿ ನಾವು ಬಹುಮಟ್ಟಿಗೆ ಗೆದ್ದಿದ್ದೇವೆ. ಅಲ್ಲಿಂದ ಮನೆಗೆ ಮರಳಿದ ಮಗುವನ್ನು ಬೆಳೆಸುವಲ್ಲಿ ನಿಂತಲ್ಲಿಯೇ ನಿಂತಿದ್ದೇವೆ. ರಾಜ್ಯದ ಸರಾಸರಿಯ ಹಿಂದೆ ಯಾದಗಿರಿಯಂತಹ ಜಿಲ್ಲೆಯೂ ಇದೆ ಎಂಬುದನ್ನು ಮರೆಯುವಂತಿಲ್ಲ; ಅಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಕುಂಠಿತ ಬೆಳವಣಿಗೆಯವರು.

ಎತ್ತರವೊಂದೇ ಮುಖ್ಯವೇ, ಗಿಡ್ಡವಾಗಿರುವುದು ವಂಶದ ಗುಣವಲ್ಲವೇ ಎಂಬ ಪ್ರಶ್ನೆ ಗ್ರಾಮಸಭೆಗಳಲ್ಲಿ ಬರುತ್ತದೆ. ಒಂದೊಂದು ಮಗುವಿನ ಮಟ್ಟಿಗೆ ವಂಶದ ಪಾಲು ಇದ್ದೀತು. ಆದರೆ ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಮಾನದಂಡಗಳನ್ನು ರೂಪಿಸುವಾಗ ಅಳೆದ ಮಕ್ಕಳಲ್ಲಿ ದೆಹಲಿಯ ಮಕ್ಕಳೂ ಇದ್ದರು. ಸರಿಯಾದ ಆಹಾರ, ಶುದ್ಧ ನೀರು ಮತ್ತು ಆರೈಕೆ ದೊರೆತಲ್ಲಿ ಭಾರತದ ಮಗುವೂ ಮೊದಲ ವರ್ಷಗಳಲ್ಲಿ ಬೇರೆ ದೇಶದ ಮಗುವಿನಷ್ಟೇ ಬೆಳೆಯುತ್ತದೆ ಎಂಬುದು ಆ ಅಧ್ಯಯನದಿಂದ ತಿಳಿದ ಸಂಗತಿ. ಹುಟ್ಟುವಾಗ ಸುಮಾರು 50 ಸೆಂಟಿಮೀಟರ್ ಉದ್ದವಿರುವ ಮಗು ಒಂದು ವರ್ಷಕ್ಕೆ ಸುಮಾರು 75, ಎರಡು ವರ್ಷಕ್ಕೆ ಸುಮಾರು 87 ಸೆಂಟಿಮೀಟರ್ ತಲುಪುತ್ತದೆ. ಜೀವಮಾನದಲ್ಲಿ ಇಷ್ಟು ವೇಗದ ಬೆಳವಣಿಗೆ ಮತ್ತೆಂದೂ ಇಲ್ಲ. ಮಿದುಳು ಬೆಳೆಯುವುದೂ ಇದೇ ಕಾಲದಲ್ಲಿ. ಈ ಅವಧಿಯಲ್ಲಿ ತಪ್ಪಿಹೋದುದನ್ನು ನಂತರ ತುಂಬಿಕೊಡುವುದು ಬಹಳ ಕಷ್ಟ. ನಮ್ಮ ವ್ಯವಸ್ಥೆಯ ಗಮನ ಮಾತ್ರ ಮಗು ಮೂರು ವರ್ಷ ದಾಟಿ ಅಂಗನವಾಡಿಯ ಚಾಪೆಯ ಮೇಲೆ ಬಂದು ಕುಳಿತ ಮೇಲೆ ಹೆಚ್ಚುತ್ತದೆ. ಬಿಸಿಯೂಟ, ಆಟಿಕೆ, ಗೋಡೆಬರಹ, ತಪಾಸಣೆ ಎಲ್ಲವೂ ಅಲ್ಲಿಗೆ ಬರುತ್ತವೆ. ಅಷ್ಟು ಹೊತ್ತಿಗೆ ಆಗಬೇಕಾದ ನಷ್ಟದ ಬಹುಪಾಲು ಆಗಿ ಮುಗಿದಿರುತ್ತದೆ.

ಮೊದಲ ಆರು ತಿಂಗಳ ವಿಷಯ ಸರಳವಾದುದು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಅನಂತರ ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ. ಐದನೆಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಆರು ತಿಂಗಳೊಳಗಿನ ಶಿಶುಗಳಲ್ಲಿ ಹೀಗೆ ಎದೆಹಾಲು ಮಾತ್ರ ಕುಡಿಯುತ್ತಿರುವವರು ಶೇ. 61. ಉಳಿದ ಮನೆಗಳಲ್ಲಿ ತಾಯಿಗೆ ಹಾಲಿಲ್ಲವೆಂದು ತಿಳಿಯಬೇಕಾಗಿಲ್ಲ. ಹುಟ್ಟಿದೊಡನೆ ನಾಲಿಗೆಗೆ ಸವರುವ ಜೇನು, ಸಕ್ಕರೆ ನೀರು, ವಾರಕ್ಕೊಮ್ಮೆ ಕುಡಿಸುವ ಹರಳೆಣ್ಣೆ, ಅತ್ತಾಗಲೆಲ್ಲ ಕೊಡುವ ಗ್ರೈಪ್ ವಾಟರ್, ಬೇಸಿಗೆಯಲ್ಲಿ ‘ಬಾಯಾರಿಕೆಗೆ ಎರಡು ಹನಿ’ ನೀರು, ಇವೇ ಹೆಚ್ಚಾಗಿ ನಡುವೆ ಬರುತ್ತವೆ. ಎದೆಹಾಲಿನಲ್ಲಿ ಸುಮಾರು ಶೇ. 88ರಷ್ಟು ನೀರೇ ಇದೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿಯೂ ಆ ವಯಸ್ಸಿನ ಶಿಶುವಿಗೆ ಬೇರೆ ನೀರು ಬೇಡ. ಜೇನನ್ನಂತೂ ಒಂದು ವರ್ಷ ತುಂಬುವವರೆಗೆ ಕೊಡಲೇಬಾರದು. ಅದರಲ್ಲಿರಬಹುದಾದ ರೋಗಾಣುವಿನ ಬೀಜಕಣಗಳನ್ನು ಎದುರಿಸುವ ಶಕ್ತಿ ಶಿಶುವಿನ ಕರುಳಿಗೆ ಇರುವುದಿಲ್ಲ. ಹಾಲಿನ ಪುಡಿಯ ಡಬ್ಬಿ ಮತ್ತು ಬಾಟಲಿಗಳ ವಿಷಯದಲ್ಲಿ 1992ರ ಕಾಯ್ದೆಯೊಂದು ಜಾರಿಯಲ್ಲಿದೆ. 2003ರಲ್ಲಿ ಅದಕ್ಕೆ ತಿದ್ದುಪಡಿಯಾಗಿದೆ. ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಬದಲಿಗಳು, ಹಾಲೂಡಿಸುವ ಬಾಟಲಿಗಳು ಮತ್ತು ಶಿಶು ಆಹಾರಗಳ ಜಾಹೀರಾತನ್ನು ಅದು ನಿಷೇಧಿಸುತ್ತದೆ. ಗ್ರಾಮ ಪಂಚಾಯತಿಯ ಯಾವುದೇ ಕಾರ್ಯಕ್ರಮಕ್ಕೆ ಪ್ರಾಯೋಜಕರನ್ನು ಒಪ್ಪಿಕೊಳ್ಳುವ ಮುನ್ನ ಇದನ್ನು ನೆನಪಿಡುವುದು ಒಳಿತು.

ನಿಜವಾದ ತೊಡಕು ಆರನೆಯ ತಿಂಗಳು ತುಂಬಿದ ಮೇಲಿನದು. ಗರ್ಭದಲ್ಲಿ ತಾಯಿಯಿಂದ ಪಡೆದ ಕಬ್ಬಿಣಾಂಶದ ಸಂಗ್ರಹ ಆ ವೇಳೆಗೆ ಕರಗುತ್ತಾ ಬಂದಿರುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಕಡಿಮೆ. ಮಗುವಿನ ಶಕ್ತಿಯ ಅಗತ್ಯವೂ ಹಾಲು ಕೊಡುವುದಕ್ಕಿಂತ ಹೆಚ್ಚಾಗುತ್ತದೆ. ಎದೆಹಾಲನ್ನು ಎರಡು ವರ್ಷ ಮತ್ತು ಅದರಾಚೆಗೂ ಮುಂದುವರಿಸುತ್ತಲೇ ಬೇರೆ ಆಹಾರವನ್ನು ಆರಂಭಿಸಬೇಕಾದ ಕಾಲವಿದು. ಅನ್ನಪ್ರಾಶನದ ಸಂಪ್ರದಾಯವು ಕಾಲವನ್ನು ಸರಿಯಾಗಿಯೇ ಗುರುತಿಸಿದೆ. ಆದರೆ ಆ ದಿನ ಬಾಯಿಗಿಟ್ಟ ಪಾಯಸದ ನಂತರ ಎರಡನೆಯ ತುತ್ತಿಗೆ ಎಂಟನೆಯ ಅಥವಾ ಒಂಬತ್ತನೆಯ ತಿಂಗಳವರೆಗೆ ಕಾಯುವ ಮನೆಗಳಿಗೆ ಕೊರತೆಯಿಲ್ಲ. ಐದನೆಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 6ರಿಂದ 23 ತಿಂಗಳ ಮಕ್ಕಳ ಪೈಕಿ ಕನಿಷ್ಠ ಸಮರ್ಪಕ ಆಹಾರ ಪಡೆಯುತ್ತಿರುವವರು ಕೇವಲ ಶೇ. 11.3. ಉಳ್ಳವರ ಮನೆಗಳಲ್ಲಿಯೂ ಈ ಪ್ರಮಾಣ ತೀರಾ ಕಡಿಮೆಯೇ ಇರುವುದರಿಂದ, ಬಡತನವೊಂದನ್ನೇ ಕಾರಣವೆಂದು ಹೇಳಿ ಕಡತ ಮುಚ್ಚುವಂತಿಲ್ಲ.

ಇಲ್ಲಿ ಒಂದು ಶಬ್ದದ ಗೊಂದಲವನ್ನು ಬಿಡಿಸಿಕೊಳ್ಳಬೇಕು. ವೈದ್ಯರು ‘ಪೂರಕ ಆಹಾರ’ ಎಂದಾಗ ಎದೆಹಾಲಿಗೆ ಪೂರಕವಾಗಿ ಮನೆಯ ಒಲೆಯ ಮೇಲೆ ಬೇಯುವ ಆಹಾರ ಎಂದರ್ಥ. ಕಚೇರಿಯ ಭಾಷೆಯಲ್ಲಿ ‘ಪೂರಕ ಪೌಷ್ಟಿಕ ಆಹಾರ’ ಎಂದರೆ ಅಂಗನವಾಡಿಯಿಂದ ಮನೆಗೆ ಕೊಂಡೊಯ್ಯುವ ಪೊಟ್ಟಣ. ಎರಡನ್ನೂ ಒಂದೆಂದು ಭಾವಿಸಿದ್ದರಿಂದ, ಪೊಟ್ಟಣ ವಿತರಣೆ ಶೇ. 100 ಎಂದು ವರದಿಯಾದ ಗ್ರಾಮದಲ್ಲಿ ಮಗುವಿನ ಆಹಾರದ ಕೆಲಸವೂ ಮುಗಿಯಿತೆಂದು ನಾವು ಎಣಿಸುತ್ತೇವೆ.

ಮಗುವಿಗೆ ಕೊಡುವ ಆಹಾರದಲ್ಲಿ ಅತಿ ಹೆಚ್ಚು ಹಾನಿ ಮಾಡುವ ಸಂಗತಿ ಯಾವುದೆಂದು ಕೇಳಿದರೆ, ಈ ಲೇಖಕನ ಅಭಿಪ್ರಾಯದಲ್ಲಿ ಅದು ನೀರು. ಕಲುಷಿತ ನೀರಷ್ಟೇ ಅಲ್ಲ, ಗಂಜಿಗೆ ಹೆಚ್ಚಾಗಿ ಬೆರೆಸುವ ಶುದ್ಧ ನೀರು ಸಹ. ಒಂದು ಲೆಕ್ಕವನ್ನು ಗಮನಿಸಿ. ಎಂಟು ತಿಂಗಳ, ಎಂಟು ಕಿಲೋ ತೂಕದ ಮಗುವಿನ ಹೊಟ್ಟೆಯು ಒಂದು ಬಾರಿಗೆ ಹಿಡಿಯುವುದು ಕಿಲೋ ತೂಕಕ್ಕೆ ಸುಮಾರು 30 ಗ್ರಾಮಿನಂತೆ 240 ಗ್ರಾಂ, ಅಂದರೆ ಒಂದು ಲೋಟಕ್ಕಿಂತ ಸ್ವಲ್ಪ ಹೆಚ್ಚು. ಎದೆಹಾಲು ಕುಡಿಯುತ್ತಿರುವ ಈ ವಯಸ್ಸಿನ ಮಗುವಿಗೆ ಬೇರೆ ಆಹಾರದಿಂದ ದಿನಕ್ಕೆ ಸುಮಾರು 200 ಕಿಲೋ ಕ್ಯಾಲೊರಿ ದೊರೆಯಬೇಕು. 9ರಿಂದ 11 ತಿಂಗಳಲ್ಲಿ ಇದು 300 ಆಗುತ್ತದೆ. ಒಂದು ವರ್ಷದ ನಂತರ 550. ಈಗ ಒಂದು ದೊಡ್ಡ ಚಮಚ, ಅಂದರೆ ಸುಮಾರು 10 ಗ್ರಾಂ ರಾಗಿ ಹಿಟ್ಟನ್ನು ಒಂದು ಲೋಟ ನೀರಿಗೆ ಹಾಕಿ ಕಾಯಿಸಿದ ತೆಳು ಗಂಜಿಯನ್ನು ತೆಗೆದುಕೊಳ್ಳೋಣ. ಅದರಲ್ಲಿರುವುದು ಸುಮಾರು 32 ಕಿಲೋ ಕ್ಯಾಲೊರಿ. 200 ಬರಬೇಕಾದರೆ ಮಗು ಆರು ಲೋಟಕ್ಕಿಂತ ಹೆಚ್ಚು ಕುಡಿಯಬೇಕು. ಕುಡಿಯಲಾರದು.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಒಂದು ಲೋಟ ಎದೆಹಾಲಿನಲ್ಲಿ ಸುಮಾರು 130 ಕಿಲೋ ಕ್ಯಾಲೊರಿ ಇರುತ್ತದೆ. ತೆಳು ಗಂಜಿಯಿಂದ ಹೊಟ್ಟೆ ತುಂಬಿದ ಮಗು ಅಷ್ಟು ಹಾಲನ್ನು ಬಿಡುತ್ತದೆ. ಹಾಗಾದಾಗ ಗಂಜಿ ಕೊಟ್ಟದ್ದರಿಂದ ಮಗುವಿಗೆ ದೊರೆತುದು ಹೆಚ್ಚಲಿಲ್ಲ, ಇದ್ದುದೂ ಕಡಿಮೆಯಾಯಿತು. ಬೇಳೆಯ ಕಟ್ಟು, ಸಾರಿನ ತಿಳಿ, ಅನ್ನದ ಗಂಜಿ ನೀರು, ಚಹಾದಲ್ಲಿ ಅದ್ದಿದ ಬಿಸ್ಕತ್ತು ಇವೆಲ್ಲವೂ ಇದೇ ವರ್ಗದವು. ಬೇಳೆಯ ಸತ್ವವೆಲ್ಲ ಕಟ್ಟಿನಲ್ಲಿದೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಸತ್ವ ಪಾತ್ರೆಯ ತಳದಲ್ಲಿ ಉಳಿದ ಬೇಳೆಯಲ್ಲಿದೆ.

ಅದೇ ಮಗುವಿಗೆ 20 ಗ್ರಾಂ ರಾಗಿ ಹಿಟ್ಟು, 10 ಗ್ರಾಂ ಹುರಿಗಡಲೆ ಹಿಟ್ಟು ಸೇರಿಸಿ ಸುಮಾರು ಮುಕ್ಕಾಲು ಲೋಟ ನೀರಿನಲ್ಲಿ ಬೇಯಿಸಿ, ಇಳಿಸುವಾಗ ಒಂದು ಚಿಕ್ಕ ಚಮಚ ತುಪ್ಪ ಅಥವಾ ಎಣ್ಣೆ ಬೆರೆಸಿದರೆ ಸುಮಾರು 145 ಕಿಲೋ ಕ್ಯಾಲೊರಿ ಬರುತ್ತದೆ. ಪ್ರಮಾಣವೂ ಮಗುವಿನ ಹೊಟ್ಟೆಯ ಮಿತಿಯೊಳಗೇ ಇದೆ. ಇಂತಹ ಎರಡು ಊಟಗಳಲ್ಲಿ ದಿನದ ಅಗತ್ಯ ಪೂರೈಸಿ ಮಿಗುತ್ತದೆ. ಅಳತೆಯ ತಕ್ಕಡಿ ಮನೆಯಲ್ಲಿ ಬೇಕಾಗಿಲ್ಲ: ಚಮಚವನ್ನು ಓರೆ ಮಾಡಿದಾಗ ಆಹಾರ ಸುರಿದುಹೋಗದೆ ನಿಲ್ಲಬೇಕು, ಅಷ್ಟೇ. ಆರು ತಿಂಗಳು ತುಂಬಿದ ಮಗುವಿಗೆ ದಿನಕ್ಕೆ ಎರಡು ಮೂರು ಬಾರಿ, ಒಂಬತ್ತು ತಿಂಗಳ ನಂತರ ಮೂರು ನಾಲ್ಕು ಬಾರಿ ಮತ್ತು ನಡುವೆ ಒಂದೆರಡು ಸಣ್ಣ ತಿನಿಸು ಎಂಬುದು ಸಾಮಾನ್ಯ ನಿಯಮ. ಮೊದಲ ವಾರ ಎರಡು ಮೂರು ಚಮಚಗಳಿಂದ ಆರಂಭಿಸಿ ಏರಿಸುತ್ತಾ ಹೋಗಬೇಕೆಂಬುದನ್ನು ನಮ್ಮ ಅಜ್ಜಿಯಂದಿರಿಗೆ ಯಾರೂ ಕಲಿಸಬೇಕಾಗಿಲ್ಲ.

ಇಷ್ಟು ಹಿಟ್ಟು ಹಾಕಿದರೆ ಗಂಜಿಯು ಮುದ್ದೆಯ ಹದಕ್ಕೆ ತಿರುಗಿ, ಹಲ್ಲಿಲ್ಲದ ಮಗು ನುಂಗಲಾರದು ಎಂಬ ಆಕ್ಷೇಪಣೆ ನ್ಯಾಯವಾದುದೇ. ಇದಕ್ಕೆ ಉತ್ತರ ಹಳೆಯ ಮೈಸೂರು ಭಾಗದ ಅಡುಗೆಮನೆಗಳಲ್ಲಿ ಬಹಳ ಹಿಂದಿನಿಂದಲೂ ಇದೆ. ರಾಗಿಯನ್ನು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಮೊಳಕೆಯನ್ನು ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸಿದ ಹಿಟ್ಟಿನಿಂದ ಮಾಡುವ ರಾಗಿ ಸರಿಯೇ ಅದು. ಮೊಳಕೆಯೊಡೆಯುವಾಗ ಕಾಳಿನಲ್ಲಿ ಉಂಟಾಗುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಒಡೆಯುತ್ತದೆ. ಹೀಗಾಗಿ ಹಿಟ್ಟಿನ ಪ್ರಮಾಣ ಹೆಚ್ಚಿದ್ದರೂ ಸರಿಯು ಗಂಟುಗಟ್ಟದೆ ಮೃದುವಾಗಿರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಈ ಮೊಳಕೆ ಧಾನ್ಯದ ಶಿಶು ಆಹಾರದ ಬಗ್ಗೆ ವಿಶೇಷವಾಗಿ ಸಂಶೋಧನೆ ನಡೆಸಿದ್ದಾರೆ. ಸ್ವಸಹಾಯ ಸಂಘಗಳಿಗೆ ಸಾಲ ಕೊಡಿಸಿ ಉಪ್ಪಿನಕಾಯಿ ಮಾಡಿಸುವ ನಾವು, ಮೊಳಕೆ ರಾಗಿ ಹಿಟ್ಟಿನ ಬಗ್ಗೆ ಯೋಚಿಸದಿರುವುದು ಆಶ್ಚರ್ಯ.

ರಾಗಿಯೊಂದೇ ಸಾಲದು. ಎದೆಹಾಲು, ಧಾನ್ಯ, ಬೇಳೆಕಾಳು, ಹಾಲು ಮೊಸರು, ಮಾಂಸ ಮೀನು, ಮೊಟ್ಟೆ, ಹಳದಿ ಹಾಗೂ ಹಸಿರು ಬಣ್ಣದ ಹಣ್ಣು ತರಕಾರಿ, ಇತರ ಹಣ್ಣು ತರಕಾರಿ ಎಂಬ ಎಂಟು ಗುಂಪುಗಳಲ್ಲಿ ಕನಿಷ್ಠ ಐದು ಮಗುವಿನ ದಿನದ ಆಹಾರದಲ್ಲಿರಬೇಕು. ಎದೆಹಾಲು, ಬೇಳೆ ಹಾಕಿ ಮೆತ್ತಗೆ ಬೇಯಿಸಿದ ಅನ್ನ, ಅದಕ್ಕೆ ಕಿವುಚಿದ ನುಗ್ಗೆಸೊಪ್ಪು, ಅರ್ಧ ಮೊಟ್ಟೆ, ಒಂದು ಬಾಳೆಹಣ್ಣು: ಆರು ಆಯಿತು. ಇದರಲ್ಲಿ ಪೇಟೆಯಿಂದ ತರಬೇಕಾದುದು ಹೆಚ್ಚೇನಿಲ್ಲ. ಮೊಟ್ಟೆ ಉಷ್ಣ, ಬಾಳೆಹಣ್ಣು ಶೀತ ಎಂಬ ಮಾತುಗಳಿಗೆ ಮನೆಯ ಹಿರಿಯರೊಡನೆ ವಾದಕ್ಕಿಳಿಯುವುದಕ್ಕಿಂತ, ಅವರದೇ ಕೈಯಿಂದ ಮಗುವಿಗೆ ತಿನ್ನಿಸಲು ಹೇಳುವ ಆಶಾ ಕಾರ್ಯಕರ್ತೆಯರ ಉಪಾಯವೇ ಮೇಲು. ರಕ್ತಹೀನತೆಯ ವಿಷಯದಲ್ಲಿ ಆಹಾರದ ಜೊತೆಗೆ ಔಷಧವೂ ಅಗತ್ಯ. ರಾಜ್ಯದಲ್ಲಿ ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಶೇ. 65.5ರಷ್ಟು ರಕ್ತಹೀನರು. ವಾರಕ್ಕೆ ಎರಡು ಬಾರಿ ಒಂದು ಮಿಲಿಲೀಟರ್ ಕಬ್ಬಿಣದ ದ್ರಾವಣ ಕೊಡಬೇಕೆಂಬ ಕಾರ್ಯಕ್ರಮವಿದೆ. ಬಾಟಲಿ ಮನೆ ತಲುಪಿದೆಯೇ ಎಂಬುದರ ಜೊತೆಗೆ ಖಾಲಿಯಾಗುತ್ತಿದೆಯೇ ಎಂಬುದನ್ನೂ ನೋಡಬೇಕು.

ಇನ್ನು ಅಂಗನವಾಡಿಯ ಪೊಟ್ಟಣದ ಮಾತು. ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ತಿ. ನರಸೀಪುರ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ನಂತರ ಆರು ತಿಂಗಳಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 500 ಕಿಲೋ ಕ್ಯಾಲೊರಿಯ ಆಹಾರವು ಯೋಜನೆಯ ಔದಾರ್ಯವಾಗಿ ಉಳಿಯದೆ ಹಕ್ಕಾಯಿತು. ಆದರೆ ಮೂರು ವರ್ಷದ ಮೇಲಿನ ಮಗು ಕಣ್ಣೆದುರು ಕುಳಿತು ಉಣ್ಣುತ್ತದೆ. ಅದಕ್ಕಿಂತ ಚಿಕ್ಕ ಮಗುವಿನ ಪಾಲು ಮನೆಗೆ ಹೋಗುತ್ತದೆ. ಮನೆಯಲ್ಲಿ ನಾಲ್ವರು ಮಕ್ಕಳಿದ್ದಲ್ಲಿ ಆ ಪೊಟ್ಟಣ ನಾಲ್ಕು ತಟ್ಟೆಗಳಿಗೆ ಹಂಚಿಕೆಯಾಗುತ್ತದೆ. ಯಾವ ತಾಯಿಯೂ ಒಂದು ಮಗುವಿಗೆ ಕೊಟ್ಟು ಇನ್ನೊಂದರ ಮುಖ ನೋಡುತ್ತಾ ಕೂರಲಾರಳು. ಇದನ್ನು ‘ಸೋರಿಕೆ’ ಎಂದು ಬರೆಯುವ ವರದಿಗಳಿವೆ. ಸೋರಿಕೆಯ ಹೆಸರಿಟ್ಟು ತಾಯಿಯನ್ನು ದೂರುವುದರಿಂದ ಏನೂ ಆಗದು. ಮಗುವಿಗೆ ಪ್ರತ್ಯೇಕ ಬಟ್ಟಲೊಂದನ್ನು ಇಡಿ, ಅದರಲ್ಲಿ ಎಷ್ಟು ಹೋಯಿತೆಂದು ನೋಡಿ ಎನ್ನುವ ಸಣ್ಣ ಸಲಹೆ ಹೆಚ್ಚು ಉಪಯುಕ್ತ. ದೊಡ್ಡವರ ತಟ್ಟೆಯ ಅಂಚಿನಿಂದ ತಿನ್ನುವ ಮಗು ಎಷ್ಟು ತಿಂದಿತೆಂಬುದು ಯಾರಿಗೂ ತಿಳಿಯುವುದಿಲ್ಲ.

ಬಟ್ಟಲಿದ್ದರೂ ತಿನ್ನಿಸುವ ಕೈ ಬೇಕು. ವರ್ಷದೊಳಗಿನ ಮಗುವಿಗೆ ಒಂದು ಹೊತ್ತು ತಿನ್ನಿಸಲು ಅರ್ಧ ಗಂಟೆ ಹಿಡಿಯುತ್ತದೆ. ದಿನಕ್ಕೆ ಮೂರು ನಾಲ್ಕು ಬಾರಿ ಆ ಅರ್ಧ ಗಂಟೆ ಯಾರದು? 2017ರ ತಿದ್ದುಪಡಿಯಂತೆ ಸಂಘಟಿತ ವಲಯದ ತಾಯಿಗೆ 26 ವಾರಗಳ ವೇತನಸಹಿತ ರಜೆಯಿದೆ. ಹತ್ತಿ ಬಿಡಿಸುವ, ಕಳೆ ಕೀಳುವ ತಾಯಿಗೆ ಅಂತಹ ರಜೆಯಿಲ್ಲ. ಮಗು ಆಗ ಏಳೆಂಟು ವರ್ಷದ ಅಕ್ಕನ ಸೊಂಟದ ಮೇಲಿರುತ್ತದೆ, ಅಕ್ಕನ ಶಾಲೆಯೂ ತಪ್ಪುತ್ತದೆ. ಮಗುವಿನ ಆಹಾರವು ಆರೋಗ್ಯ ಇಲಾಖೆಯ ಹಾಗೂ ಮಹಿಳಾ ಮತ್ತು ಮಕ್ಕಳ ಇಲಾಖೆಯ ವಿಷಯ, ನಮ್ಮದಲ್ಲ ಎನ್ನುವ ಪಂಚಾಯತಿ ಸಿಬ್ಬಂದಿ ಇಲ್ಲಿ ತುಸು ನಿಲ್ಲಬೇಕು. ತಾಯಿಯ ಸಮಯದ ಒಂದು ಪಾಲು ನಮ್ಮ ಎನ್‌ಎಂಆರ್‌ನಲ್ಲಿ ದಾಖಲಾಗಿದೆ. ಕಾಮಗಾರಿ ಸ್ಥಳಕ್ಕೆ ಐದು ಅಥವಾ ಹೆಚ್ಚು ಚಿಕ್ಕ ಮಕ್ಕಳು ಬಂದಲ್ಲಿ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ಕೂಲಿ ನೀಡಿ ನೇಮಿಸಬೇಕೆಂದು ನರೇಗಾ ಕಾಯ್ದೆಯ ಎರಡನೆಯ ಅನುಸೂಚಿ ಹೇಳಿತ್ತು. ಮಕ್ಕಳನ್ನು ಕರೆತರಬೇಡಿ ಎಂದು ಕಾಯಕ ಬಂಧುಗಳು ಮೊದಲೇ ಹೇಳಿಬಿಟ್ಟರೆ ಆ ಐದರ ಸಂಖ್ಯೆ ಎಂದಿಗೂ ಪೂರ್ಣವಾಗುವುದಿಲ್ಲ. ರಾಜ್ಯ ಸರ್ಕಾರವು 2023–24ನೇ ಸಾಲಿನ ಆಯವ್ಯಯದಲ್ಲಿ 4000 ಗ್ರಾಮ ಪಂಚಾಯತಿಗಳಿಗೆ ಘೋಷಿಸಿದ ‘ಕೂಸಿನ ಮನೆ’ಗಳು ಈ ಕೊರತೆಯನ್ನು ತುಂಬಬಲ್ಲವು. ಅಲ್ಲಿ ಮಗು ಸುರಕ್ಷಿತವಾಗಿ ಮಲಗಿದೆಯೇ ಎಂದು ನೋಡುವಷ್ಟೇ ಶ್ರದ್ಧೆಯಿಂದ, ಮಧ್ಯಾಹ್ನದೊಳಗೆ ಎಷ್ಟು ಬಾರಿ ತಿಂದಿತು, ಬಟ್ಟಲಿನಲ್ಲಿದ್ದುದು ಗಂಜಿಯೋ ಸರಿಯೋ, ತಾಯಿ ಹಾಲೂಡಿಸಲು ನಡುವೆ ಬಂದು ಹೋಗುವಷ್ಟು ಹತ್ತಿರದಲ್ಲಿ ಕಾಮಗಾರಿ ಇದೆಯೇ ಎಂಬುದನ್ನೂ ನೋಡಬೇಕು.

ಇನ್ನೊಂದು ಅಂತರ ಯಾವ ಯೋಜನೆಯ ಮಾರ್ಗಸೂಚಿಯಲ್ಲಿಯೂ ಎದ್ದು ಕಾಣುವುದಿಲ್ಲ. ನಮ್ಮಲ್ಲಿ ಚೊಚ್ಚಲ ಬಾಣಂತನ ತವರುಮನೆಯದು. ತಾಯಿ ಕಾರ್ಡ್ ಒಂದು ಊರಿನದು, ಹೆರಿಗೆ ಇನ್ನೊಂದು ತಾಲ್ಲೂಕಿನದು. ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ತೊಟ್ಟಿಲ ಸಮೇತ ಗಂಡನ ಮನೆಗೆ ಬರುವ ಹೊತ್ತಿಗೆ ತವರಿನ ಅಂಗನವಾಡಿಯಲ್ಲಿ ಮಗುವಿನ ಹೆಸರು ಉಳಿದಿರುತ್ತದೆ, ಇಲ್ಲಿ ಇನ್ನೂ ಸೇರಿರುವುದಿಲ್ಲ. ಆಹಾರ ಆರಂಭಿಸಬೇಕಾದ ತಿಂಗಳು ಸರಿಯಾಗಿ ಈ ಸ್ಥಳಾಂತರದ ತಿಂಗಳೇ ಆಗಿರುತ್ತದೆ. ಆಶಾ ಕಾರ್ಯಕರ್ತೆಯು 3, 6, 9, 12 ಮತ್ತು 15ನೆಯ ತಿಂಗಳುಗಳಲ್ಲಿ ಮನೆಗೆ ಭೇಟಿ ನೀಡಬೇಕೆಂಬ ಕಾರ್ಯಕ್ರಮ 2018ರಿಂದ ಇದೆ. ಮಗು ಯಾರ ಪಟ್ಟಿಯಲ್ಲಿಯೂ ಇಲ್ಲದಿದ್ದರೆ ಆರನೆಯ ತಿಂಗಳ ಭೇಟಿ ಯಾರದು? ದುಡಿಯಲು ಬೆಂಗಳೂರಿಗೋ ಕಬ್ಬು ಕಡಿಯಲು ಬೇರೆ ಜಿಲ್ಲೆಗೋ ಹೋಗುವ ಕುಟುಂಬಗಳದೂ ಇದೇ ಸ್ಥಿತಿ. ಪೋಷಣ್ ಟ್ರ್ಯಾಕರ್‌ನಲ್ಲಿ ಹೆಸರನ್ನು ವರ್ಗಾಯಿಸುವ ಅವಕಾಶವಿದೆ. ಆದರೆ ಹೊಸದಾಗಿ ಬಂದ ಸೊಸೆ ಮತ್ತು ಮಗು ಊರಿನಲ್ಲಿದ್ದಾರೆಂಬುದು ಮೊದಲು ತಿಳಿಯುವುದು ಆ ಬೀದಿಯ ಸದಸ್ಯರಿಗೆ ಮತ್ತು ನೀರುಗಂಟಿಗೆ. ತಿಂಗಳಿಗೊಮ್ಮೆ ಅವರು ಅಂಗನವಾಡಿ ಕಾರ್ಯಕರ್ತೆಗೆ ಒಂದು ಮಾತು ತಿಳಿಸಿದರೆ ಸಾಕು.

ನೀರುಗಂಟಿಯ ಹೆಸರು ಬಂದುದರಿಂದ ಅವರ ಮುಖ್ಯ ಕೆಲಸದ ವಿಷಯಕ್ಕೆ ಬರಬಹುದು. ಎದೆಹಾಲಿನ ಹೊರತು ಬೇರೇನನ್ನೂ ಕಾಣದ ಮಗುವಿಗೆ ಆರನೆಯ ತಿಂಗಳಲ್ಲಿ ಮೊದಲ ಬಾರಿಗೆ ನಮ್ಮ ನಲ್ಲಿಯ ನೀರು ಬಾಯಿಗೆ ಬೀಳುತ್ತದೆ. ಪದೇ ಪದೇ ಭೇದಿಯಾಗುವ ಮಗುವಿನಲ್ಲಿ ತಿಂದದ್ದು ಮೈಗೆ ಹತ್ತುವುದಿಲ್ಲ. ದಿನ ಬಿಟ್ಟು ದಿನ ನೀರು ಬಿಡುವ ಊರುಗಳಲ್ಲಿ ಪೂರೈಕೆ ನಿಂತಾಗ ಕೊಳವೆಯೊಳಗಿನ ಒತ್ತಡ ಇಳಿದು, ಸೋರುವ ಜೋಡಣೆಗಳ ಮೂಲಕ ಚರಂಡಿಯ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ಮೇಲ್ಮಟ್ಟದ ಜಲಾಗಾರದಲ್ಲಿ ಬ್ಲೀಚಿಂಗ್ ಪುಡಿ ಹಾಕಿದ್ದೇವೆ ಎಂಬ ಉತ್ತರ ಇದಕ್ಕೆ ಸಾಲದು. ಕೊನೆಯ ಮನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇದೆಯೇ ಎಂದು ನೋಡಬೇಕು. ಪರೀಕ್ಷಾ ಕಿಟ್ ಬಹುತೇಕ ಪಂಚಾಯತಿಗಳ ಕಪಾಟಿನಲ್ಲಿದೆ. 2021–26ರ ಅವಧಿಯ ಹದಿನೈದನೆಯ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಕ್ರಿಯಾ ಯೋಜನೆ ಮಾಡುವಾಗ ಎರಡು ವರ್ಷದೊಳಗಿನ ಮಕ್ಕಳಿರುವ ಬೀದಿಗಳನ್ನು ನಕ್ಷೆಯಲ್ಲಿ ಗುರುತಿಸಿ, ಸೋರುವ ವಾಲ್ವ್‌ಗಳ ದುರಸ್ತಿಯನ್ನು ಅಲ್ಲಿಂದ ಆರಂಭಿಸುವುದಕ್ಕೆ ಯಾವ ನಿಯಮವೂ ಅಡ್ಡಿಯಿಲ್ಲ.

ಭೇದಿಯಾದಾಗ ಆಹಾರ ನಿಲ್ಲಿಸುವ ಪದ್ಧತಿ ಮಾತ್ರ ಬಿಡಬೇಕು. ಎದೆಹಾಲು, ಓಆರ್‌ಎಸ್, 14 ದಿನ ಜಿಂಕ್ ಮಾತ್ರೆ, ಜೊತೆಗೆ ಎಂದಿನ ಆಹಾರವೇ ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಬಾರಿ; ಗುಣವಾದ ಮೇಲೆ ಎರಡು ವಾರಗಳ ಕಾಲ ದಿನಕ್ಕೆ ಒಂದು ಊಟ ಹೆಚ್ಚಾಗಿ ಕೊಡಬೇಕು.

ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿಯ ಮುಂದಿನ ಸಭೆಗೆ ಅಂಗನವಾಡಿ ಕಾರ್ಯಕರ್ತೆಯರನ್ನು ಆಹ್ವಾನಿಸುವಾಗ ಪೊಟ್ಟಣ ವಿತರಣೆಯ ವಹಿಯ ಬದಲಿಗೆ ಒಂದೇ ಹಾಳೆಯ ಪಟ್ಟಿಯನ್ನು ತರಲು ಕೇಳಬಹುದು: ಈ ತಿಂಗಳು ಆರು ತಿಂಗಳು ತುಂಬುವ ಮಕ್ಕಳು ಯಾರು, ಅವರು ಈಗ ಯಾವ ಮನೆಯಲ್ಲಿದ್ದಾರೆ, ಕಳೆದ ಮೂರು ತಿಂಗಳಲ್ಲಿ ತೂಕ ಏರದ ಎರಡು ವರ್ಷದೊಳಗಿನ ಮಕ್ಕಳು ಯಾರು. ಸಾಮಾನ್ಯ ಪಂಚಾಯತಿಯೊಂದರಲ್ಲಿ ಈ ಪಟ್ಟಿ ಒಂದು ಪುಟ ಮೀರುವುದಿಲ್ಲ. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿರುವ ಮಗುವಿದ್ದರೆ ಅದು ತೀವ್ರ ಅಪೌಷ್ಟಿಕತೆ. ಆ ಮಗುವನ್ನು ತಡಮಾಡದೆ ವೈದ್ಯರಿಗೆ ತೋರಿಸಿ, ಅವರ ಸಲಹೆಯಂತೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳುಹಿಸಬೇಕಾಗುತ್ತದೆ. ಅಲ್ಲಿ ಎರಡು ವಾರ ಉಳಿಯುವ ತಾಯಿಗೆ ಕೂಲಿ ನಷ್ಟದ ಪರಿಹಾರ ಕೊಡಲು ಅವಕಾಶವಿದೆ. ಆದರೂ ತಾಯಂದಿರು ಹೋಗಲು ಹಿಂಜರಿಯುತ್ತಾರೆ. ಕಾರಣ ಕೇಳಿದರೆ ಮನೆಯಲ್ಲಿ ಉಳಿದ ಮಕ್ಕಳಿಗೆ ಬೇಯಿಸಿ ಹಾಕುವವರಿಲ್ಲ, ಕರೆಯುವ ಎಮ್ಮೆಯಿದೆ ಎನ್ನುತ್ತಾರೆ. ಆ ಎರಡು ವಾರ ದೊಡ್ಡ ಮಕ್ಕಳ ಊಟವನ್ನು ಅಂಗನವಾಡಿ ಮತ್ತು ಶಾಲೆಯ ಮೂಲಕ ಖಚಿತಪಡಿಸಿ, ಎಮ್ಮೆಯ ಹೊಣೆಯನ್ನು ಆ ಬೀದಿಯ ಸ್ವಸಹಾಯ ಸಂಘದ ಸದಸ್ಯೆಯೊಬ್ಬರಿಗೆ ಒಪ್ಪಿಸುವುದು ಸ್ಥಳೀಯ ಸದಸ್ಯರಿಂದ ಮಾತ್ರ ಸಾಧ್ಯ.